ನೆಲಕ್ಕಿಟ್ಟ ಅನ್ನ

ಅವರ ಮೇಲಿನ ಸಾಲಿನ ಮುಂದಿನ ಆರು ಹಲ್ಲುಗಳು ಗೆರೆ ಎಳೆದ ಹಾಗೆ ಒಂದೇ ಮಟ್ಟಕ್ಕಿದ್ದವು. ಕೋರೆಹಲ್ಲಿಗೂ ಮೊನೆ ಇರಲಿಲ್ಲ. ಮಾಮೂಲಾಗಿ ಮಾತಾಡುವಾಗ ಅವು ಕಾಣುತ್ತಿರಲಿಲ್ಲ, ಬೈಯುವಾಗ ಮಾತ್ರ ಕಾಣುತ್ತಿದ್ದವು. ಬೈಯದ ದಿನವೇ ಇರಲಿಲ್ಲವಾದ್ದರಿಂದ ನನಗೆ ಆ ಹಲ್ಲುಗಳು ಚೆನ್ನಾಗಿ ನೆನಪಿವೆ. ಬಾಲಿಯಲ್ಲಿ ಮಕ್ಕಳು ಪ್ರಾಯಕ್ಕೆ ಬಂದಾಗ ಶಾಸ್ತ್ರ ಮಾಡಿ, ಅರದಿಂದ ಮೇಲಿನ ಆರು ಹಲ್ಲುಗಳನ್ನು ಉಜ್ಜಿ ಸಮ ಮಾಡುತ್ತಾರಂತೆ. ಆರು ಹಲ್ಲು ಎಂದರೆ ಮನುಷ್ಯನೊಳಗಿನ ಆರು ವೈರಿಗಳು. "ಕಾಮ, ಲೋಭ, ಕ್ರೋಧ..." ಎಂದು ಅವರು ಬೆರಳು ಮಡಿಸುತ್ತ ಎಣಿಸತೊಡಗಿದಾಗ ಲೈಡನ್ನಿನ ಆ ಇಕ್ಕಟ್ಟು ಅಡುಗೆಮನೆಯಲ್ಲಿ ನಾನು ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಮದ, ಮೋಹ, ಮತ್ಸರವನ್ನು ನಾನೇ ಹೇಳಿ ಮುಗಿಸಿದೆ. "ಐದು ಹೋದವು. ಕ್ರೋಧದ ಹಲ್ಲಿಗೆ ಬರುವಷ್ಟರಲ್ಲಿ ನಮ್ಮ ಪೂಜಾರಿಗೆ ಕೈ ಸೋತಿತ್ತು" ಎಂದು ಅವರು ನಕ್ಕರು.

ಅವರು ನನ್ನ ಮನೆ ಒಡತಿ. ತೊಂಬತ್ತೇಳರ ಕೊನೆಯಲ್ಲಿ ನಾನು ಸಸ್ಯರೋಗಗಳ ಸಂಶೋಧನೆಗೆಂದು ಡಚ್ಚರ ನಾಡಿನ ಲೈಡನ್ನಿಗೆ ಬಂದಾಗ, ಕಾಲುವೆಯ ಹಿಂದಿನ ಬೀದಿಯಲ್ಲಿದ್ದ ಅವರ ಸಣ್ಣ ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಗಂಡ ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಡಚ್ಚರವನು, ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ದೂರದ ಊರಲ್ಲಿ ಕೆಲಸದಲ್ಲಿದ್ದಳು. ಅವರನ್ನು ಎಲ್ಲರೂ ಇಬು ಎನ್ನುತ್ತಿದ್ದರು. ನಮ್ಮಲ್ಲಿ ಹಿರಿಯ ಹೆಂಗಸರನ್ನು ಅಮ್ಮ ಎನ್ನುತ್ತೇವಲ್ಲ, ಹಾಗೆ. ನಾನೂ ಇಬು ಎಂದೇ ಕರೆದೆ.

ಮೊದಲ ದಿನವೇ ಅವರು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಅರ್ಧ ಡಚ್ಚು ಅರ್ಧ ಇಂಗ್ಲಿಷಿನಲ್ಲಿ ವಿಚಾರಣೆ ಮಾಡಿದರು.

"ಏನು ತಿನ್ನಲ್ಲ ನೀನು?"

"ಮಾಂಸ, ಮೀನು, ಮೊಟ್ಟೆ ತಿನ್ನಲ್ಲ."

"ಯಾಕೆ? ವ್ರತವೋ, ಹೇಸಿಗೆಯೋ?"

ನಮ್ಮದು ಉಡುಪಿ ಕಡೆಯ ಮನೆ. ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಯಾರಿಗೂ ಕೇಳಿದ್ದಿಲ್ಲ. ತಡವರಿಸಿ "ಅಭ್ಯಾಸ" ಎಂದೆ.

"ವ್ರತವಾದರೆ ನಾನು ಕಾಯ್ತೇನೆ. ಹೇಸಿಗೆಯಾದರೆ ಬೇರೆ ಮನೆ ನೋಡ್ಕೋ. ಅಭ್ಯಾಸ ಅಂತ ಹೇಳಿದವರು ಇಲ್ಲಿಯವರೆಗೆ ಯಾರೂ ಬಂದಿಲ್ಲ." ಆಮೇಲೆ ಕಪಾಟಿನ ಮೇಲಿನ ಹಲಗೆಯನ್ನು ಪೂರ್ತಿ ಖಾಲಿ ಮಾಡಿ, ಬಿಸಿನೀರಲ್ಲಿ ಒರೆಸಿ, "ಇದು ನಿನ್ನದು. ನನ್ನ ಚಮಚ ಇದರ ಮೇಲೆ ಕಂಡರೆ ನನಗೆ ಬೈ" ಎಂದರು. ನಾನು ಅಲ್ಲಿದ್ದ ಅಷ್ಟೂ ಕಾಲ ಅವರು ತಮ್ಮ ಚಮಚವನ್ನು ಆ ಹಲಗೆಯ ಮೇಲೆ ಇಡಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಓದಿಕೊಂಡ ಜನ ನನ್ನ ಊಟದ ಡಬ್ಬಿಗೆ ಇಣುಕಿ "ಮೊಲದ ಆಹಾರ" ಎಂದು ನಗುತ್ತಿದ್ದ ಕಾಲ ಅದು. ಆ ನಗೆಗೆ ನಾನೂ ಪೆಚ್ಚುಪೆಚ್ಚಾಗಿ ನಗುತ್ತಿದ್ದೆ. ನನ್ನನ್ನು ಬೆಳೆಸಿದ್ದೇ ಹಾಗೆ: ಹೆಣ್ಣುಮಕ್ಕಳ ದನಿ ಪಕ್ಕದ ಕೋಣೆಗೆ ಕೇಳಬಾರದು.

ಇಬು ಅವರ ದನಿ ಪಕ್ಕದ ಬೀದಿಗೆ ಕೇಳುತ್ತಿತ್ತು. ಬಸ್ಸು ತಡವಾದರೆ ಡ್ರೈವರಿಗೆ, ಕೊತ್ತಂಬರಿ ಬಾಡಿದ್ದರೆ ಅಂಗಡಿಯವನಿಗೆ, ಅಕ್ಕಿ ಮುದ್ದೆಯಾದರೆ ಒಲೆಗೆ ಬೈಗುಳ ತಪ್ಪುತ್ತಿರಲಿಲ್ಲ. ಸೈಕಲ್ಲಿಗೂ ಬೈಯುತ್ತಿದ್ದರು, ಅದನ್ನು ಓಡಿಸಲು ಮಾತ್ರ ಅವರು ಕಲಿತಿರಲಿಲ್ಲ.

ಶನಿವಾರ ಬಂದರೆ ಅವರ ರೀತಿಯೇ ಬೇರೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬಾಟಿಕ್ ಬಟ್ಟೆ ಸುತ್ತಿ, ಅದರ ಮೇಲೆ ಗಂಡನ ದಪ್ಪ ಕೋಟು ತೊಟ್ಟು, ಎರಡು ಬುಟ್ಟಿ ಹಿಡಿದು ಹೇಗ್ ನಗರಕ್ಕೆ ರೈಲು ಹತ್ತುತ್ತಿದ್ದರು. ಅಲ್ಲಿ ಒಂದು ಪ್ರವಾಸದ ಕಂಪನಿ ಇತ್ತು. 'ಬಾಲಿಯ ಬೀದಿ ತಿಂಡಿ' ಎಂಬ ಹೆಸರಲ್ಲಿ ಅದು ಜನರನ್ನು ನಡೆಸಿಕೊಂಡು ಹೋಗುವ ಒಂದು ಸುತ್ತು ಇಟ್ಟಿತ್ತು. ಆ ಸುತ್ತಿಗೆ ಇವರೇ ಗೈಡು. ಇಂಡೋನೇಷಿಯಾದ ಸಾಮಾನು ಮಾರುವ ಅಂಗಡಿಗಳಿಗೆ ಡಚ್ಚರು ಟೋಕೊ ಎನ್ನುತ್ತಾರೆ. ಅಂಥ ಒಂದೆರಡು ಟೋಕೊ, ಸಂತೆಯಲ್ಲಿ ಕಡ್ಡಿಗೆ ಚುಚ್ಚಿದ ಮಾಂಸ ಸುಡುವ ಒಂದು ಗಾಡಿ, ಕೊನೆಗೆ ಒಂದು ಪುಟ್ಟ ಹೋಟೆಲಿನ ಹಿತ್ತಲು. ಮಳೆಯ ಜಿಟಿಜಿಟಿಯಲ್ಲಿ, ಸಮುದ್ರದ ಕಡೆಯ ಗಾಳಿಯಲ್ಲಿ ಕೊಡೆ ಹಿಡಿದುಕೊಂಡು ಬಾಲಿಯ ಬೀದಿಯನ್ನು ಊಹಿಸಿಕೊಳ್ಳಬೇಕಿತ್ತು. ಎರಡನೆಯ ಬುಟ್ಟಿ ಹೊರಲು ನಾನು ಎಷ್ಟೋ ಶನಿವಾರ ಜೊತೆಗೆ ಹೋದೆ. ಬುಟ್ಟಿ ನೆಪ ಮಾತ್ರ. ಅವರ ಮಾತು ಕೇಳುವ ಆಸೆ ನನಗೆ.

ಜನ ನಗುತ್ತ ಬಂದು ನಗುತ್ತ ಹೋಗಬೇಕು ಎನ್ನುವುದು ಕಂಪನಿಯ ಯಜಮಾನನ ಲೆಕ್ಕ. ಅವನು ಕೆಂಪು ಮಫ್ಲರಿನ, ಸದಾ ಭುಜ ತಟ್ಟುವ ಮನುಷ್ಯ. ಒಮ್ಮೆ ಬಂಗಾರ ಬಣ್ಣದ ತಗಡಿನ ಕಿರೀಟವೊಂದನ್ನು ತಂದು, ಇದನ್ನು ತೊಟ್ಟು ನಡೆಸಿ ಎಂದ. ಇಬು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ದೇವಸ್ಥಾನದಲ್ಲಿ ಕುಣಿಯುವ ಹುಡುಗಿಯರದ್ದು. ನಿಮ್ಮೂರಿನ ಮೀನು ಮಾರುವ ಹೆಂಗಸು ಮದುವಣಗಿತ್ತಿಯ ಮುಸುಕು ಹಾಕ್ಕೊಂಡು ಕೂತ್ಕೊಳ್ತಾಳಾ?" ಎಂದು ಅವನ ಕೈಗೇ ಕೊಟ್ಟರು. ಸಂತೆಯ ಗಾಡಿಯ ಮುಂದೆ ನಿಂತು, "ಇದು ಬಾಲಿಯದ್ದಲ್ಲ, ಜಾವಾದ್ದು. ಬಾಲಿ ಅಂದರೆ ನಿಮಗೆ ಬೀಚು ನೆನಪಾಗ್ತದೆ, ಅದಕ್ಕೆ ಇವರು ಎಲ್ಲವನ್ನೂ ಬಾಲಿ ಮಾಡಿದ್ದಾರೆ" ಎಂದು ಬಂದವರಿಗೆ ನೇರವಾಗಿ ಹೇಳುತ್ತಿದ್ದರು. ಯಾರೋ ಒಬ್ಬ ದೂರು ಕೊಟ್ಟ. ಇನ್ನೊಮ್ಮೆ ರಜೆಗೆ ಬಾಲಿಗೆ ಹೋಗಿಬಂದ ದಂಪತಿಗಳು, ಅಲ್ಲಿಯ ಜನ ಎಷ್ಟು ಬಡವರು, ಆದರೂ ಎಷ್ಟು ನಗುತ್ತಾರೆ ಎಂದು ಕೊಂಡಾಡಿದರು. "ನೀವು ಹೋದ ಮೇಲೂ ನಗ್ತಾರಾ ಅಂತ ನಿಂತು ನೋಡಿದಿರಾ?" ಎಂದರು ಇಬು. ಎರಡನೆಯ ದೂರು ಬಂತು. ಇನ್ನೊಂದು ದೂರು ಬಂದರೆ ಮುಂದೆ ಬರುವುದೇ ಬೇಡ ಎಂದು ಯಜಮಾನ ಭುಜ ತಟ್ಟುತ್ತಲೇ ಹೇಳಿದ.

ಆ ದಿನ ರೈಲಿನಲ್ಲಿ ಅವರು ಯಾರಿಗೂ ಬೈಯಲಿಲ್ಲ. ನನಗೆ ಭಯವಾಯಿತು. ಊಟಕ್ಕೆ ತೊಂದರೆ ಇರಲಿಲ್ಲ, ಗಂಡನ ಪಿಂಚಣಿ ಇತ್ತು. ಆದರೆ ಮೂವತ್ತು ವರ್ಷ ಆ ದೇಶದಲ್ಲಿದ್ದು, ತನ್ನೂರಿನ ಬಗ್ಗೆ ಒಂದು ಮಾತು ಕೇಳುವ ಕಿವಿಗಳು ಅವರಿಗೆ ಸಿಗುತ್ತಿದ್ದದ್ದು ಶನಿವಾರ ಮಾತ್ರ. ಮಗಳಿಗೂ ಅದು ಬೇಕಿರಲಿಲ್ಲ. "ವಾರದಲ್ಲಿ ಒಂದು ದಿನ ನಾನು ಎಲ್ಲಿಯವಳು ಅಂತ ಗಟ್ಟಿಯಾಗಿ ಹೇಳ್ತೇನೆ. ಅದೂ ಹೋದರೆ ನಾನು ಬರೀ ಮುದುಕಿ" ಎಂದರು ಕಿಟಕಿಯ ಕಡೆ ನೋಡುತ್ತ.

ಇನ್ನು ನಮ್ಮವರ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತಾಗೆಲ್ಲ ಇಲ್ಲಿಗೆ ಬಂದು ನನ್ನ ಕೈ ಬಿಸಿಯಾಗುತ್ತದೆ.

ಆಗ ಆ ದೇಶದಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ಕೈಕೊಡುತ್ತವೆ ಎಂಬ ಗಾಬರಿಯಲ್ಲಿ ಬೆಂಗಳೂರು, ಮೈಸೂರಿನಿಂದ ಕರೆಸಿಕೊಂಡ ಎಂಜಿನಿಯರುಗಳೇ ಹೆಚ್ಚು. ಒಂದು ಸಂಘವೂ ಇತ್ತು. ಅದರ ಅಧ್ಯಕ್ಷರು ಮೈಸೂರಿನವರು, ಡಚ್ಚು ಬ್ಯಾಂಕೊಂದರಲ್ಲಿ ಮ್ಯಾನೇಜರು, ಜೇಬಿನಲ್ಲಿ ಮೊಬೈಲ್ ಫೋನಿದ್ದ ಮೊದಲ ಕನ್ನಡಿಗರು. ಅವರ ಹೆಂಡತಿ ಉಡುಪಿಯವರು. ತೊಂಬತ್ತೆಂಟರ ವಸಂತದಲ್ಲಿ ಆಕೆಯ ತಾಯಿ ಊರಿಂದ ಬಂದಿದ್ದರು. ಹೋಟೆಲಿನಲ್ಲಿ ನೀರೂ ಮುಟ್ಟದ, ಮಡಿಯ ಹೆಂಗಸು. ಅಧ್ಯಕ್ಷರು ಆಫೀಸಿನಲ್ಲಿ ಆ ಪ್ರವಾಸದ ಕಂಪನಿಯ ಕರಪತ್ರ ನೋಡಿ ಹಿಗ್ಗಿದರು. "ಬಾಲಿಯವರು ನಮ್ಮವ್ರೇ ರೀ, ಹಂಡ್ರೆಡ್ ಪರ್ಸೆಂಟ್ ಹಿಂದೂಸ್! ಅತ್ತೆಯವರಿಗೂ ತೋರಿಸ್ದಂಗಾಗುತ್ತೆ. ಫುಲ್ ವೆಜಿಟೇರಿಯನ್ ಅಂತ ಪ್ರಾಮಿಸ್ ಮಾಡಿದಾರೆ" ಎಂದು ಒಂದಿಷ್ಟು ಕುಟುಂಬಗಳನ್ನು ಸೇರಿಸಿ ಬುಕ್ ಮಾಡಿದರು.

ಹಿಂದೂ ಎಂದ ಮೇಲೆ ಸಸ್ಯಾಹಾರಿ ಇರಲೇಬೇಕು ಎಂಬ ಎಣಿಕೆ ನಮ್ಮವರಿಗೆ ಮಾತ್ರ ಬರಲು ಸಾಧ್ಯ. ಬಾಲಿಯಲ್ಲಿ ಹಬ್ಬ ಎಂದರೆ ಇಡೀ ಹಂದಿ ಸುಡುತ್ತಾರೆ. ಹೋಗಲಿ, ಚಟ್ನಿಗೂ ತೆರಾಸಿ ಬೇಕು. ಅದು ಸಿಗಡಿಯನ್ನು ಕೊಳೆಯಿಸಿ ಒಣಗಿಸಿದ ಕಪ್ಪು ಮುದ್ದೆ. ನಮಗೆ ಇಂಗು ಹೇಗೋ ಅವರಿಗೆ ಅದು ಹಾಗೆ. ಯಜಮಾನ ಇಬುವನ್ನು ಕರೆದು ಏನು ಹೇಳಿದ ಎಂದರೆ, "ಒಂದು ಚಿಟಿಕೆ ಯಾರ ಗಮನಕ್ಕೆ ಬರುತ್ತೆ? ತರಕಾರಿ ಅಂತ ಹೇಳಿಬಿಡಿ."

ಇಬು ಮನೆಗೆ ಬಂದು ಹಳೆಯ ಅರೆಯುವ ಕಲ್ಲನ್ನು ಎತ್ತಿ ಹಿತ್ತಲಲ್ಲಿಟ್ಟರು. ಅದರ ರಂಧ್ರ ರಂಧ್ರದಲ್ಲೂ ಸಿಗಡಿ ಕೂತಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದು ಹೊಸ ಕಲ್ಲು ತಂದರು. ಅದರಲ್ಲಿ ಅಕ್ಕಿ ಅರೆದು ಚೆಲ್ಲಿ, ಮತ್ತೆ ಅರೆದು ಚೆಲ್ಲಿ ಪಳಗಿಸಿದರು. ಊಟ ನಡೆಯುವ ಆ ಪುಟ್ಟ ಹೋಟೆಲಿನವನ ಬಾಣಲೆಗಳನ್ನು ನಂಬದೆ, ಎಲ್ಲವನ್ನೂ ಮನೆಯಲ್ಲೇ ಮಾಡಲು ನಿಂತರು. ಅಲಸಂಡೆಗೆ ತೆಂಗಿನತುರಿ, ಮೆಣಸು, ಲಿಂಬೆಸೊಪ್ಪು ಕಲಸಿದ ಲಾವಾರ್ ಎಂಬ ಪಲ್ಯ ಆಯಿತು. ಸೋಯಾಕಾಳಿನ ಬಿಲ್ಲೆಗಳನ್ನು ಬೆಲ್ಲದಲ್ಲಿ ಹುರಿದರು. ಗುಳಿ ಇರುವ ಮಣ್ಣಿನ ಕಾವಲಿಯಲ್ಲಿ ಅಕ್ಕಿಹಿಟ್ಟಿನ ಅಪ್ಪ ಹೊಯ್ದು, ಮೇಲೆ ತೆಂಗಿನಕಾಯಿ ಹಾಕಿ, ತಾಳೆಬೆಲ್ಲದ ಪಾಕ ಸುರಿದರು. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. "ನಿಮ್ಮ ಆ ಮುದುಕಿ ತಿನ್ನಲ್ಲ ಅನ್ನೋದು ವ್ರತವೋ, ಅಭ್ಯಾಸವೋ?" ಎಂದು ಕೇಳಿದರು. ವ್ರತ ಎಂದೆ. "ಹಾಗಾದರೆ ಸರಿ" ಎಂದು ರುಚಿ ನೋಡಿದ ಚಮಚವನ್ನು ಬೇರೆ ಇಟ್ಟು ಹೊಸ ಚಮಚ ತೆಗೆದರು.

ಶನಿವಾರ ಬಿಸಿಲಿತ್ತು. ನಮ್ಮವರು ಕ್ಯಾಮೆರಾ ಸಮೇತ ಬಂದರು. ಸಂತೆಯ ಗಾಡಿಯ ಹತ್ತಿರ ಇಬು ಮೂಗು ಹಿಡಿದು ತೋರಿಸಿ, "ಇದು ನಿಮಗಲ್ಲ, ಮುಂದೆ ನಡೀರಿ" ಎಂದಾಗ ಎಲ್ಲರೂ ನಕ್ಕರು. ಟೋಕೊದಲ್ಲಿ ಬಾಳೆಲೆ, ಅರಿಶಿನ, ಶುಂಠಿಯಂಥ ಗಳಂಗದ ಗೆಡ್ಡೆ ನೋಡಿ ಹೆಂಗಸರು ಹರ್ಷಪಟ್ಟರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹೋಟೆಲಿನ ಹಿತ್ತಲಿನಲ್ಲಿ ಉದ್ದದ ಮೇಜಿನ ಮೇಲೆ ನಾವು ಪಾತ್ರೆಗಳನ್ನು ಜೋಡಿಸಿದೆವು.

ಊಟಕ್ಕೆ ಮುಂಚೆ ಇಬು ಯಾವತ್ತೂ ಮಾಡುವ ಕೆಲಸ ಒಂದಿತ್ತು. ಎಲೆ ಹೆಣೆದ ಎರಡು ಪುಟ್ಟ ತಟ್ಟೆ. ಒಂದರಲ್ಲಿ ಹೂವು, ಪ್ರತಿ ಅಡುಗೆಯ ಒಂದು ಚೂರು. ಅದನ್ನು ಎತ್ತರದ ಗೂಡಿನಲ್ಲಿ ದೇವರಿಗೆ ಇಡುತ್ತಿದ್ದರು. ಇನ್ನೊಂದರಲ್ಲಿ ಚಿಟಿಕೆ ಅನ್ನ, ಈರುಳ್ಳಿ, ಶುಂಠಿ, ಉಪ್ಪು; ಅದನ್ನು ಬಾಗಿಲ ಬಳಿ ನೆಲದ ಮೇಲಿಟ್ಟು, ಸಣ್ಣ ಸೀಸೆಯಿಂದ ಸಾರಾಯಿ ಚಿಮುಕಿಸುತ್ತಿದ್ದರು. ಅದು ಭೂತಗಳ ಪಾಲು. ಅವರೂ ಭೂತ ಎಂದೇ ಅನ್ನುತ್ತಾರೆ. ಗೂಡಿನದ್ದನ್ನು ಆಮೇಲೆ ಮನುಷ್ಯರು ಪ್ರಸಾದವಾಗಿ ತಿನ್ನಬಹುದು, ನೆಲದ್ದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಅಂದು ಅವರು ಅದನ್ನು ಇಟ್ಟು, ಮಂತ್ರ ಹೇಳಿ, ಊದಿನಕಡ್ಡಿ ಹಚ್ಚಿ, ಎಲ್ಲರಿಗೂ ವಿವರಿಸಬೇಕೆಂದು ಎದ್ದು ತಿರುಗುವಷ್ಟರಲ್ಲಿ ಅಧ್ಯಕ್ಷರು ಮುಂದೆ ಬಂದರು.

"ನೋಡಿ ಅತ್ತೆ, ಪ್ರಸಾದ! ಸೇಮ್ ಟು ಸೇಮ್ ನಮ್ಮ ಥರಾನೇ. ತಗೊಳ್ಳಿ, ತಗೊಳ್ಳಿ" ಎಂದು ನೆಲದ ತಟ್ಟೆಯನ್ನೇ ಎತ್ತಿ ಅತ್ತೆಯ ಮುಂದೆ ಹಿಡಿದರು. ಒಬ್ಬರು ಫೋಟೊ ತೆಗೆದರು. ಆ ತಾಯಿ ಭಕ್ತಿಯಿಂದ ಅನ್ನವನ್ನು ಬಲಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಬಾಯಿಯ ಹತ್ತಿರ ತಂದರು.

ನಾನು ಮೇಜಿನ ಆಚೆ ತುದಿಯಲ್ಲಿದ್ದೆ, ಕೂಗಲು ಬಾಯಿ ಬರಲಿಲ್ಲ. ಇಬು ಎರಡು ಹೆಜ್ಜೆಯಲ್ಲಿ ಬಂದು ಆಕೆಯ ಕೈ ಮೇಲೆ ಫಟ್ಟನೆ ಹೊಡೆದರು. ಅನ್ನ ಕಲ್ಲುಹಾಸಿನ ಮೇಲೆ ಚೆಲ್ಲಿತು. "ನಿಮಗಲ್ಲ! ನಿಮಗಲ್ಲ!" ಎಂದು ಡಚ್ಚಿನಲ್ಲಿ ಕಿರುಚಿದರು.

ಮೂರನೆಯ ದೂರು ಯಾವ ರೂಪದಲ್ಲಿ ಬರಬಹುದೆಂದು ನಾವಿಬ್ಬರೂ ವಾರವಿಡೀ ಹೆದರಿದ್ದೆವೋ ಅದು ಬಂದಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ; ಎಲ್ಲರೂ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಇಬುವಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊಡೆದರು.

"ಹೌ ಡೇರ್ ಯು!" ಎಂದು ಅಧ್ಯಕ್ಷರು ಮೊಬೈಲ್ ತೆಗೆದರು. ಕಂಪನಿಯ ಕಚೇರಿ ಪಕ್ಕದ ಬೀದಿಯಲ್ಲೇ ಇತ್ತು. ಮಫ್ಲರಿನವನು ಓಡೋಡಿ ಬಂದ. ಅಷ್ಟರಲ್ಲಿ ನಾನು ಆ ತಾಯಿಯ ಬಳಿ ಹೋಗಿ ತುಳುವಿನಲ್ಲಿ ವಿಷಯ ಹೇಳಿದೆ: ಅದು ನೆಲಕ್ಕಿಟ್ಟದ್ದು, ಭೂತಕ್ಕೆ, ಸಾರಾಯಿ ಚಿಮುಕಿಸಿದೆ. ಆಕೆಯ ಮುಖ ಬಿಳಿಚಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅಯ್ಯೋ ದೇವರೇ, ನಮ್ಮ ಗುಳಿಗ ಭೂತಕ್ಕೆ ಇಟ್ಟ ಹಾಗೆ ಅಲ್ವಾ ಮಗಾ?" ಎಂದರು. ಹೌದೆಂದೆ. ಬಾಲಿ ಎಲ್ಲಿದೆಯೆಂದೂ ಗೊತ್ತಿಲ್ಲದ ಆ ಹೆಂಗಸಿಗೆ ಎಲ್ಲ ಅರ್ಥವಾಯಿತು.

ಯಜಮಾನ ಇಬುವಿನ ಭುಜ ತಟ್ಟಿದ. "ಒಂದು ಕ್ಷಮೆ ಕೇಳಿಬಿಡಿ. ಮುಗಿದುಹೋಗುತ್ತೆ. ಮುಂದಿನ ಶನಿವಾರ ಎಂದಿನಂತೆ ಬನ್ನಿ."

"ಯಾರಿಗೆ ಕೇಳಲಿ?"

"ಈ ಸಾಹೇಬರಿಗೆ."

"ಇವರ ಕೈಗೆ ನಾನು ಹೊಡೆಯಲಿಲ್ಲ. ಯಾರ ಕೈಗೆ ಹೊಡೆದೆನೋ ಅವರು ಕೇಳು ಅಂದರೆ ಕೇಳ್ತೇನೆ."

ಎಲ್ಲರೂ ಆ ತಾಯಿಯ ಕಡೆ ನೋಡಿದರು. ಆಕೆ ಒಂದು ಹೆಜ್ಜೆ ಮುಂದೆ ಬಂದರು. "ಅವಳು ಎಂತಕ್ಕೆ ಕ್ಷಮೆ ಕೇಳುವುದು? ನನ್ನ ವ್ರತ ಉಳಿಸಿದ್ದಾಳೆ. ನಾನು ಅವಳಿಗೆ ಕೈ ಮುಗಿಯಬೇಕು" ಎಂದರು ಕನ್ನಡದಲ್ಲೇ, ಅಳಿಯನಿಗೆ ತಿಳಿಯಲೆಂದು.

"ಅತ್ತೆ, ಪ್ಲೀಸ್. ನಿಮಗೆ ಇದೆಲ್ಲ ಗೊತ್ತಾಗಲ್ಲ. ನೀವು ಸುಮ್ನಿರಿ."

ಸುಮ್ಮನಿರಬೇಕಂತೆ! ಕೈ ಯಾರದ್ದು, ವ್ರತ ಯಾರದ್ದು, ಏಟು ತಿಂದವರು ಯಾರು? ಆಕೆಯ ಹೆಸರಲ್ಲೇ ಇವರಿಗೆ ಅವಮಾನವಾಗಿದೆ, ಆಕೆ ಮಾತ್ರ ಬಾಯಿ ತೆರೆಯಬಾರದು. ಆಕೆಯ ಮಗಳು, ಅಧ್ಯಕ್ಷರ ಹೆಂಡತಿ, ನೆಲ ನೋಡುತ್ತ ನಿಂತಿದ್ದರು. ನಾನು ಯಜಮಾನನಿಗೆ ಆಕೆಯ ಮಾತನ್ನು ಡಚ್ಚಿನಲ್ಲಿ ಹೇಳಿದೆ, ನನ್ನ ಎಂದಿನ ಗುಟ್ಟಿನ ದನಿಯಲ್ಲಿ. "ಗಟ್ಟಿಯಾಗಿ ಹೇಳು" ಎಂದರು ಇಬು. ಮತ್ತೆ ಹೇಳಿದೆ. ಯಜಮಾನ ತಲೆಯಾಡಿಸಿ ಕೇಳಿದ. ಆಮೇಲೆ, "ಸರಿ, ಆದರೆ ಬುಕ್ ಮಾಡಿದವರು ಇವರು" ಎಂದು ಅಧ್ಯಕ್ಷರತ್ತ ಕೈ ತೋರಿಸಿದ.

"ಹಾಗಾದರೆ ಕೇಳಲ್ಲ" ಎಂದರು ಇಬು. ಗಂಡನ ಕೋಟನ್ನು ತೊಟ್ಟು ಗುಂಡಿ ಹಾಕಿಕೊಳ್ಳತೊಡಗಿದರು. ಒಂದು ಗುಂಡಿ ತಪ್ಪು ತೂತಿಗೆ ಹೋಯಿತು. ಸಿಟ್ಟಿಗೆ ಹಾಗಾಯಿತೆಂದು ಬೇರೆಯವರು ತಿಳಿದಿರಬಹುದು. ರೈಲಿನಲ್ಲಿ ಅವರು ಆಡಿದ ಮಾತು ಕೇಳಿದ್ದ ನನಗೆ ಅದು ಬರೀ ಸಿಟ್ಟಲ್ಲವೆಂದು ಗೊತ್ತಿತ್ತು.

ಅಧ್ಯಕ್ಷರು ಎಲ್ಲರನ್ನೂ ಹೊರಡಿಸಿದರು. ಯಾರೂ ಒಂದು ತುತ್ತೂ ತಿನ್ನಲಿಲ್ಲ. ಹೊಸ ಕಲ್ಲಿನಲ್ಲಿ ಅರೆದ ಅಡುಗೆ ಮುಚ್ಚಳ ತೆಗೆಯದೆ ಹಾಗೇ ಕೂತಿತ್ತು. ಬಾಗಿಲ ತನಕ ಹೋದ ಆ ತಾಯಿ ಅಲ್ಲಿಂದ ತಿರುಗಿ ಬಂದು ಬೆಂಚಿನ ಮೇಲೆ ಕೂತರು. "ಇಷ್ಟು ಶುದ್ಧದಲ್ಲಿ ಮಾಡಿದ್ದನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಬಡಿಸು ಮಗಾ, ನಂಗೂ, ಅವಳಿಗೂ" ಎಂದರು. ಹೊರಗೆ ಕಾರಿನ ಹಾರನ್ ಕೇಳುತ್ತಿತ್ತು. ಒಳಗೆ ಇಬ್ಬರು ಮುದುಕಿಯರು ಎದುರುಬದುರು ಕೂತು ಅಪ್ಪ ತಿಂದರು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಲಸಂಡೆ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಉಡುಪಿಯವರು ಕೈಸನ್ನೆ ಮಾಡಿದರು. ಬಾಲಿಯವರು ಮುಖ ಸಿಂಡರಿಸಿ ಉಪ್ಪಿನ ಡಬ್ಬಿ ತಳ್ಳಿದರು.

ಅಧ್ಯಕ್ಷರು ಸೋಮವಾರ ದೂರು ಕೊಟ್ಟೇಬಿಟ್ಟರು, ಅತ್ತೆಯವರ ಪರವಾಗಿ. ಇಬುವಿನ ಕೆಲಸ ಹೋಯಿತು.

ಕೆಲವು ವಾರ ಬಿಟ್ಟು ನಾನೊಬ್ಬಳೇ ಹೇಗ್‌ಗೆ ಹೋಗಿ ದೂರದಲ್ಲಿ ನಿಂತು ನೋಡಿದೆ. ಎತ್ತರದ ಡಚ್ಚು ಹುಡುಗಿಯೊಬ್ಬಳು ತಗಡಿನ ಕಿರೀಟ ತೊಟ್ಟು ಜನರನ್ನು ನಡೆಸುತ್ತಿದ್ದಳು. ಜಾವಾದ ಮಾಂಸದ ಕಡ್ಡಿಯನ್ನು ಬಾಲಿಯದ್ದೆಂದು ಹಂಚುತ್ತಿದ್ದಳು. ನೆಲಕ್ಕಿಡುವ ಎಲೆತಟ್ಟೆಯನ್ನು ಮೇಜಿನ ನಡುವೆ ಅಂದಕ್ಕೆ ಇಟ್ಟಿದ್ದರು, ಅದರಲ್ಲಿ ಬಾಯಿ ಒರೆಸುವ ಕಾಗದ. ಎಲ್ಲರೂ ನಗುತ್ತಿದ್ದರು. ಹೊಸ ಕರಪತ್ರ ಕೈಗೆ ಸಿಕ್ಕಿತು. ಅದರ ಮೇಲೆ ಹೂವಿನ ತಟ್ಟೆ ಹಿಡಿದ ಎರಡು ಕೈಗಳ ಫೋಟೊ. ಆ ಕೈಗಳು ಇಬುವಿನವು. ಮುಖವನ್ನು ಕತ್ತರಿಸಿ ತೆಗೆದಿದ್ದರು. ಅಲ್ಲೇ ಹರಿದು ಕಾಲುವೆಗೆ ಎಸೆದೆ, ಇಬುವಿಗೆ ಹೇಳಲಿಲ್ಲ. ಆದರೆ ಅವರಿಗೆ ಟೋಕೊದವರು ಅದಾಗಲೇ ತೋರಿಸಿದ್ದರು. "ಕೈಯಾದರೂ ಕೆಲಸಕ್ಕೆ ಹೋಗ್ತಿದೆಯಲ್ಲ" ಎಂದರು ಒಂದು ದಿನ, ಈರುಳ್ಳಿ ಹೆಚ್ಚುತ್ತ.

ಆಮೇಲೆ ಅವರು ಬೈಯುವುದು ಕಡಿಮೆಯಾಯಿತು. ಬಸ್ಸು ತಡವಾದರೆ ಕಾದು ನಿಲ್ಲುತ್ತಿದ್ದರು. ಕೊತ್ತಂಬರಿ ಬಾಡಿದ್ದರೂ ತಂದರು. ಶನಿವಾರ ಎಂದಿನಂತೆ ಬೇಗ ಎದ್ದು ಸ್ನಾನ ಮಾಡಿ, ಬಾಟಿಕ್ ಸುತ್ತಿ, ಎಲ್ಲಿಗೂ ಹೋಗದೆ ಅಡುಗೆಮನೆಯಲ್ಲಿ ಕೂತಿರುತ್ತಿದ್ದರು. ನಾನು ಮೇಲಿನಿಂದ ಇಳಿದು ಬಂದು, ಬೇಕೆಂತಲೇ ಅವರ ಚಮಚವನ್ನು ನನ್ನ ಹಲಗೆಯ ಮೇಲಿಟ್ಟು ನೋಡಿದೆ, ಬೈಯಲಿ ಎಂದು. ಅವರು ಮಾತಿಲ್ಲದೆ ಅದನ್ನು ತೆಗೆದು ತೊಳೆದಿಟ್ಟರು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಹೊಟ್ಟೆಯ ಕಾಯಿಲೆಯಿಂದ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನನ್ನು ಹತ್ತಿರ ಕರೆದು, "ಸಿಟ್ಟು ಬಂದಾಗ ದನಿ ಇಳಿಸಬೇಡ. ಇಳಿಸಿದರೆ ಒಪ್ಪಿಕೊಂಡೆ ಅಂತ ತಿಳೀತಾರೆ. ನನ್ನ ನೋಡು, ಕೊನೆಗೆ ನಾನೂ ಇಳಿಸಿಬಿಟ್ಟೆ" ಎಂದರು. ಮಗಳು ಅಂತ್ಯಕ್ರಿಯೆಯನ್ನು ಚಿಕ್ಕದಾಗಿ ಮಾಡಿ ಮುಗಿಸಿದಳು, ಬಂದವರಿಗೆ ಕಾಫಿ ಮತ್ತು ಕೇಕು. ಬಾಲಿಯಲ್ಲಿ ಹೆಣ ಸುಡುವಾಗ ಊರಿಗೆ ಊರೇ ಸೇರಿ ಗದ್ದಲವೆಬ್ಬಿಸುತ್ತದೆ ಎಂದು ಅವರು ಹೇಳುತ್ತಿದ್ದರು. ಅಲ್ಲಿ ಗದ್ದಲ ಮಾಡಲು ನಾನೊಬ್ಬಳೇ ಇದ್ದೆ, ಮಾಡಲಿಲ್ಲ.

ಆ ವರ್ಷದ ದೀಪಾವಳಿಯ ಊಟ ಯುಟ್ರೆಕ್ಟಿನ ಒಂದು ಸಭಾಂಗಣದಲ್ಲಿ. ಹೋಗುವ ಮನಸ್ಸಿರಲಿಲ್ಲ, ಒಂಟಿತನಕ್ಕೆ ಹೋದೆ. ಮಧ್ಯಾಹ್ನ ಎಲ್ಲರೂ ಕಾಗದದ ತಟ್ಟೆ ಹಿಡಿದು ನಿಂತಿದ್ದಾಗ ಅಧ್ಯಕ್ಷರು ಹತ್ತಿರ ಬಂದರು.

"ನ್ಯೂ ಇಯರ್‌ಗೆ ಮಿಲೇನಿಯಮ್ ಸ್ಪೆಷಲ್ ಮಾಡ್ತಿದೀವಿ. ಒಂದು ಇಂಟರ್‌ನ್ಯಾಷನಲ್ ಹಿಂದೂ ಐಟಮ್ ಇರಲಿ ಅಂತ. ನಿಮ್ಮ ಮನೆ ಓನರ್ ಆ ಬಾಲಿ ಲೇಡಿ ಇದಾರಲ್ಲ, ಅವರನ್ನ ಕರೀರಿ. ಹಳೇದನ್ನೆಲ್ಲ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ಅವರು ತೀರಿಕೊಂಡ್ರು ಸರ್. ಬೇಸಿಗೆಯಲ್ಲಿ."

"ಓ, ಸೋ ಸ್ಯಾಡ್." ತಟ್ಟೆಯಲ್ಲಿದ್ದ ಹೋಳಿಗೆಯ ಚೂರನ್ನು ಬಾಯಿಗೆ ಹಾಕಿಕೊಂಡರು. "ಬೇರೆ ಯಾರಾದ್ರೂ ಸಿಗ್ತಾರಾ?"

"ಸಿಗಲ್ಲ" ಎಂದೆ.

ಎಷ್ಟು ಜೋರಾಗಿ ಹೇಳಿದೆನೆಂದರೆ ಮೂಲೆಯಲ್ಲಿ ಆಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿದರು. ನನಗೇ ನನ್ನ ದನಿ ಹೊಸದು. ಒಮ್ಮೆ ಬಂದ ಮೇಲೆ ಅದು ನಿಲ್ಲಲಿಲ್ಲ. ಹೊಸ ಕಲ್ಲು, ಅರೆದು ಚೆಲ್ಲಿದ ಅಕ್ಕಿ, ನೆಲಕ್ಕಿಟ್ಟ ಅನ್ನ, ಅದನ್ನು ಎತ್ತಿದವರು ಯಾರು, ಕೈಗೆ ಹೊಡೆದು ವ್ರತ ಉಳಿಸಿದವರು ಯಾರು, ಅತ್ತೆಯ ಬಾಯಿ ಮುಚ್ಚಿಸಿ ಅತ್ತೆಯ ಹೆಸರಲ್ಲೇ ದೂರು ಕೊಟ್ಟವರು ಯಾರು, ಎಲ್ಲವನ್ನೂ ಆ ಸಭಾಂಗಣದ ಗೋಡೆಗಳಿಗೆ ಕೇಳುವ ಹಾಗೆ ಹೇಳಿದೆ. ನನ್ನ ಓದು, ಡಿಗ್ರಿ, ಯಾವುದೂ ನನಗೆ ಆ ಗಂಟಲು ಕೊಟ್ಟಿರಲಿಲ್ಲ. ಅದು ಇಬುವಿನ ಋಣ. ಅಧ್ಯಕ್ಷರು "ಪ್ಲೀಸ್ ಕಾಮ್ ಡೌನ್, ಮಕ್ಕಳಿದಾರೆ" ಎನ್ನುತ್ತಿದ್ದರು.

ಅವರ ಹೆಂಡತಿ ನನ್ನ ಪಕ್ಕಕ್ಕೆ ಬಂದು ನಿಂತರು. ಅಷ್ಟು ಕಾಲ ಆಕೆ ನನ್ನ ಮುಖ ನೋಡಿ ಮಾತಾಡಿರಲಿಲ್ಲ. "ಅಮ್ಮ ಪ್ರತಿ ಸಲ ಫೋನ್ ಮಾಡುವಾಗ್ಲೂ ಕೇಳ್ತಾರೆ, ಆ ಹೆಂಗಸು ಇನ್ನೂ ಕೆಲಸದಲ್ಲಿ ಇದ್ದಾರಾ ಅಂತ. ಇದ್ದಾರೆ, ಆರಾಮ ಇದ್ದಾರೆ ಅಂತ ಹೇಳ್ತಾ ಇದ್ದೇನೆ ನಾನು" ಎಂದು ಮೆಲ್ಲಗೆ ಅಂದರು.

"ನಂಬರ್ ಹೇಳಿ" ಎಂದೆ.

ಆಕೆ ಗಂಡನ ಜೇಬಿನಿಂದ ತಾವೇ ಮೊಬೈಲ್ ತೆಗೆದು, ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು. ಉಡುಪಿಯಲ್ಲಿ ದೀಪ ಹಚ್ಚುವ ಹೊತ್ತು. ಆ ತಾಯಿಯೇ ಎತ್ತಿಕೊಂಡರು. ತುಳುವಿನಲ್ಲಿ ಎಲ್ಲವನ್ನೂ ಹೇಳಿದೆ, ಅಲ್ಲೂ ದನಿ ಇಳಿಸಲಿಲ್ಲ: ಕೆಲಸ ಹೋದದ್ದು, ದೂರು ಯಾರ ಹೆಸರಲ್ಲಿ ಹೋಯಿತೆನ್ನುವುದು, ಕೊನೆಗೆ ಸತ್ತದ್ದು.

"ಅವ ಅಲ್ಲಿ ಇದ್ದಾನಾ?" ಎಂದು ಕೇಳಿದರು ಆ ತಾಯಿ.

"ಇದ್ದಾರೆ."

"ಅವನ ಕೈಗೆ ಕೊಡು."

ಫೋನನ್ನು ಅಧ್ಯಕ್ಷರ ಮುಂದೆ ಹಿಡಿದೆ. ಎಲ್ಲರೂ ನೋಡುತ್ತಿದ್ದರು, ತೆಗೆದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಕಿವಿಗಿಟ್ಟುಕೊಂಡು "ಹೇಳಿ ಅತ್ತೆ" ಎಂದರು. ಅಷ್ಟೇ ಅವರು ಆಡಿದ ಮಾತು. ಆ ಮುದುಕಿಯ ದನಿ ಫೋನಿನಿಂದ ಹೊರಗೆ ನಮಗೂ ಕೇಳುತ್ತಿತ್ತು. ಒಮ್ಮೆ ಅಧ್ಯಕ್ಷರು ಮೊಬೈಲನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. ಹೆಂಡತಿ ಅದನ್ನು ಮತ್ತೆ ಕಿವಿಗೆ ಒತ್ತಿದರು.